ಇರುವುದಕ್ಕಿಂತ ಒಂದಿಷ್ಟು ಚೆಲುವಾಗಿ

1967ನೆಯ ಇಸವಿ ಮುಗಿಯುತ್ತ ಬಂದಿತ್ತು. ನ್ಯೂಯಾರ್ಕ್ ನಗರದಲ್ಲಿ ಕಪ್ಪು ಜನಾಂಗದವರೇ ಹೆಚ್ಚಾಗಿ ವಾಸವಾಗಿದ್ದ ಹಾರ್ಲೆಂ ಬಡಾವಣೆ. ಅಲ್ಲಿಯ ಲೆನಾಕ್ಸ್ ಅವೆನ್ಯೂ ಎಂಬ ಅಗಲವಾದ ಬೀದಿ. ಆ ಬೀದಿಯ ಹಳೆಯದೊಂದು ಫೋಟೋ ಸ್ಟುಡಿಯೋದೊಳಕ್ಕೆ ರೆಜಿನಾಲ್ಡ್ ಮೆಘೀ ಎಂಬ ಯುವಕನು ಕಾಲಿಟ್ಟನು. ನಗರದ ಪ್ರಸಿದ್ಧ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯವು ಹಾರ್ಲೆಂನ ಅರುವತ್ತೆಂಟು ವರ್ಷಗಳ ಬಾಳನ್ನು ಚಿತ್ರಗಳಲ್ಲಿ ತೋರಿಸುವ ದೊಡ್ಡ ಪ್ರದರ್ಶನವೊಂದನ್ನು ಸಿದ್ಧಪಡಿಸುತ್ತಿತ್ತು. ಹಳೆಯ ಚಿತ್ರಗಳು ಎಲ್ಲಿ ಸಿಕ್ಕಾವೆಂದು ಹುಡುಕಿಕೊಂಡು ಅಲೆಯುವುದು ಮೆಘೀಯ ಕೆಲಸ. ಸ್ಟುಡಿಯೋದಲ್ಲಿದ್ದವನು ಎಂಬತ್ತೊಂದು ವರ್ಷದ ಮುದುಕ. ಇಪ್ಪತ್ತರ, ಮೂವತ್ತರ ದಶಕಗಳ ಚಿತ್ರಗಳೇನಾದರೂ ಉಂಟೇ ಎಂದು ಯುವಕನು ವಿಚಾರಿಸಿದನು.

ಉಂಟೇ ಎಂದು ಕೇಳಬೇಕೆ? ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸಿತ್ತು. ಗಾಜಿನ ಪ್ಲೇಟುಗಳು, ಫಿಲ್ಮಿನ ನೆಗೆಟಿವ್‌ಗಳು, ಬಣ್ಣಗೆಟ್ಟ ಪ್ರತಿಗಳು. ಒಂದಲ್ಲ, ಎರಡಲ್ಲ, ಹತ್ತಾರು ಸಾವಿರ. ಅರ್ಧ ಶತಮಾನದಲ್ಲಿ ಆ ಬಡಾವಣೆಯಲ್ಲಿ ಮದುವೆಯಾದವರು, ಮಕ್ಕಳನ್ನು ಹೆತ್ತವರು, ಯುದ್ಧಕ್ಕೆ ಹೋಗಿ ಪದಕ ತೊಟ್ಟು ಬಂದವರು, ಹೊಸ ಕೋಟು ಹೊಲಿಸಿಕೊಂಡವರು, ಸತ್ತು ಶವಪೆಟ್ಟಿಗೆಯಲ್ಲಿ ಮಲಗಿದವರು, ಎಲ್ಲರೂ ಆ ಪೆಟ್ಟಿಗೆಗಳಲ್ಲಿದ್ದರು. ಅನೇಕ ಚಿತ್ರಗಳ ಮೂಲೆಯಲ್ಲಿ ಅಚ್ಚುಕಟ್ಟಾದ ಅಕ್ಷರಗಳಲ್ಲಿ ಒಂದು ಸಹಿ. ಅದರ ಪಕ್ಕದಲ್ಲಿ ಇಸವಿ. ಆ ಸಹಿ ಮುದುಕನದೇ. ಅವನ ಹೆಸರು ಜೇಮ್ಸ್ ವ್ಯಾನ್ ಡರ್ ಝೀ.

ಪಾಸ್‌ಪೋರ್ಟಿನ ಚಿತ್ರ ತೆಗೆದು, ಯಾರೋ ಅಂಚೆಯಲ್ಲಿ ಕಳುಹಿಸಿಕೊಟ್ಟ ಮಾಸಿದ ಪಟಗಳನ್ನು ತಿದ್ದಿ ಹೊಸದು ಮಾಡಿಕೊಟ್ಟು ದಿನ ನೂಕುತ್ತಿದ್ದ ಈ ವೃದ್ಧನ ಹೆಸರು ಅದುವರೆಗೆ ಆ ಬಡಾವಣೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲವೆಂದರೆ ಹೆಚ್ಚು ತಪ್ಪಾಗದು.

ಜೇಮ್ಸ್ ಹುಟ್ಟಿದ್ದು 1886ರ ಜೂನ್ 29ರಂದು, ಮ್ಯಾಸಚೂಸೆಟ್ಸ್ ಸಂಸ್ಥಾನದ ಬೆಟ್ಟಗಳ ನಡುವಿನ ಲೆನಾಕ್ಸ್ ಎಂಬ ಪುಟ್ಟ ಊರಿನಲ್ಲಿ. ಲೆನಾಕ್ಸಿನಲ್ಲಿ ಹುಟ್ಟಿದವನು ಬಾಳಿದ್ದು ಲೆನಾಕ್ಸ್ ಅವೆನ್ಯೂವಿನಲ್ಲಿ. ಇದು ಬರಿಯ ಕಾಕತಾಳೀಯ, ಬೀದಿಗೆ ಆ ಹೆಸರು ಬಂದದ್ದು ಬೇರೊಬ್ಬ ಧನಿಕನಿಂದ. ತಂದೆತಾಯಿಗಳು ಹಿಂದೆ ಅಧ್ಯಕ್ಷ ಯುಲಿಸೀಸ್ ಗ್ರಾಂಟನ ಮನೆಯಲ್ಲಿ ಕೆಲಸಕ್ಕಿದ್ದವರು. ದೊಡ್ಡ ಮನೆಗಳಲ್ಲಿ ಬಟ್ಟಲು ಹೇಗಿಡಬೇಕು, ಹೂವು ಎಲ್ಲಿಡಬೇಕು, ಕುರ್ಚಿಯಲ್ಲಿ ಹೇಗೆ ಕುಳಿತುಕೊಳ್ಳಬೇಕು ಎಂಬುದನ್ನು ಹತ್ತಿರದಿಂದ ಕಂಡವರು. ಮುಂದೆ ಮಗನ ಸ್ಟುಡಿಯೋದಲ್ಲಿ ಈ ತಿಳಿವಳಿಕೆ ಉಪಯೋಗಕ್ಕೆ ಬಂದಿತೆಂದು ಊಹಿಸಿದರೆ ತಪ್ಪಿಲ್ಲ. ಮನೆಯಲ್ಲಿ ಎಲ್ಲರಿಗೂ ಸಂಗೀತ, ಚಿತ್ರಕಲೆಗಳ ಹವ್ಯಾಸ. ಹುಡುಗನು ಪಿಯಾನೋ ಕಲಿತನು, ಪಿಟೀಲು ಕಲಿತನು.

ಕ್ಯಾಮೆರಾ ಕೈಗೆ ಬಂದ ಕತೆ ಸ್ವಾರಸ್ಯವಾಗಿದೆ. ಹೆಂಗಸರು ಬಟ್ಟೆಗಳ ನಡುವೆ ಇಟ್ಟುಕೊಳ್ಳುವ ಸುಗಂಧದ ಪುಡಿಯ ಪೊಟ್ಟಣಗಳನ್ನು ಇಷ್ಟು ಮಾರಿಕೊಟ್ಟರೆ ಒಂದು ಕ್ಯಾಮೆರಾ ಬಹುಮಾನ ಎಂಬ ಜಾಹೀರಾತನ್ನು ಕಂಡು ಬಾಲಕನು ಮನೆಮನೆಗೂ ಅಲೆದು ಪೊಟ್ಟಣಗಳನ್ನು ಮಾರಿದನು. ಬಹುಮಾನವೇನೋ ಬಂದಿತು, ಅದರಿಂದ ಚಿತ್ರ ಮಾತ್ರ ಬರಲಿಲ್ಲ. ಇಂಥ ಬಹುಮಾನಗಳ ಮರ್ಮವನ್ನು ಬಲ್ಲ ಓದುಗರಿಗೆ ಆಶ್ಚರ್ಯವಾಗಲಾರದು. ಹುಡುಗನು ಎದೆಗುಂದದೆ ಹಣ ಕೂಡಿಸಿ ಬೇರೊಂದು ಕ್ಯಾಮೆರಾ ಕೊಂಡನು. ತಮ್ಮ, ತಂಗಿ, ಸಹಪಾಠಿಗಳು, ಮನೆಯ ಮುಂದಿನ ಮರ, ಎಲ್ಲವನ್ನೂ ತೆಗೆದನು. ತಾನೇ ಕತ್ತಲೆ ಕೋಣೆ ಮಾಡಿಕೊಂಡು ತಾನೇ ತೊಳೆದು ನೋಡಿದನು. ಗುರುವಿಲ್ಲದ ವಿದ್ಯೆ.

1906ರಲ್ಲಿ ಜೇಮ್ಸ್ ನ್ಯೂಯಾರ್ಕಿಗೆ ಬಂದದ್ದು ಫೋಟೋ ತೆಗೆಯುವುದಕ್ಕಲ್ಲ. ಊಟದ ಮನೆಗಳಲ್ಲಿ ಬಡಿಸುವ ಕೆಲಸ, ಲಿಫ್ಟ್ ನಡೆಸುವ ಕೆಲಸ; ಸಂಜೆಯ ಹೊತ್ತು ವಾದ್ಯಗೋಷ್ಠಿಗಳಲ್ಲಿ ಪಿಟೀಲು. ಮರುವರ್ಷ ಕೇಟ್ ಬ್ರೌನ್ ಎಂಬ ಹುಡುಗಿಯೊಡನೆ ಮದುವೆಯಾಯಿತು. ರೇಚಲ್ ಎಂಬ ಮಗಳು ಹುಟ್ಟಿದಳು. ಎಮಿಲ್ ಎಂಬ ಮಗನೂ ಹುಟ್ಟಿದನು. ಆದರೆ ಕೂಸಾಗಿರುವಾಗಲೇ ತೀರಿಕೊಂಡನು. ಆ ದಾಂಪತ್ಯ ಬಹುಕಾಲ ಬಾಳಲಿಲ್ಲ.

ಕೆಲವು ವರ್ಷಗಳ ಮೇಲೆ ನದಿಯಾಚೆಯ ನ್ಯೂಆರ್ಕ್ ಪಟ್ಟಣದ ಒಂದು ದೊಡ್ಡ ಅಂಗಡಿಯ ಫೋಟೋ ವಿಭಾಗದಲ್ಲಿ ಕತ್ತಲೆ ಕೋಣೆಯ ಸಹಾಯಕನಾಗಿ ಜೇಮ್ಸ್ ಸೇರಿದನು. ಅಲ್ಲಿಯ ಫೋಟೋಗ್ರಾಫರನು ಗಿರಾಕಿಗಳನ್ನು ಸಾಲಾಗಿ ಕೂರಿಸಿ, ಒಬ್ಬರಾದ ಮೇಲೊಬ್ಬರನ್ನು ಎಬ್ಬಿಸಿ ಕಳುಹಿಸುವವನು. ಅವನಿಲ್ಲದ ಹೊತ್ತಿನಲ್ಲಿ ಸಹಾಯಕನು ಕ್ಯಾಮೆರಾದ ಹಿಂದೆ ನಿಲ್ಲುತ್ತಿದ್ದನು. ಈತನಾದರೋ ಗಿರಾಕಿಯ ಗಲ್ಲವನ್ನು ಒಂದಿಷ್ಟು ತಿರುಗಿಸುವನು, ಕೈಗಳನ್ನು ಸರಿಮಾಡುವನು, ನೆರಿಗೆಯನ್ನು ಹರಡುವನು. ಕ್ರಮೇಣ ಗಿರಾಕಿಗಳು ಯಜಮಾನನನ್ನು ಬಿಟ್ಟು ಸಹಾಯಕನನ್ನೇ ಕೇಳಿಕೊಂಡು ಬರತೊಡಗಿದರು. ತನ್ನ ಅನ್ನ ಯಾವುದರಲ್ಲಿದೆ ಎಂಬುದು ಜೇಮ್ಸನಿಗೆ ಆಗ ಹೊಳೆಯಿತು. 1916ರ ಸುಮಾರಿಗೆ ಹಾರ್ಲೆಂನ 135ನೆಯ ಬೀದಿಯಲ್ಲಿ ‘ಗ್ಯಾರಂಟಿ ಫೋಟೋ ಸ್ಟುಡಿಯೋ’ ತೆರೆಯಿತು. ಎರಡನೆಯ ಹೆಂಡತಿಯಾಗಿ ಬಂದ ಗೇನೆಲ್ಲಾ ಗ್ರೀನ್‌ಲೀ ಸ್ಟುಡಿಯೋದ ವ್ಯವಹಾರಕ್ಕೂ ಜೊತೆಯಾದಳು. ಲೆನಾಕ್ಸ್ ಅವೆನ್ಯೂವಿನ ಸ್ಟುಡಿಯೋಕ್ಕೆ ಮುಂದೆ ಅವಳ ಹೆಸರಿನ ಮೊದಲಕ್ಷರಗಳೇ ಬಂದವು: ‘ಜಿ.ಜಿ.ಜಿ.’

ಹಾರ್ಲೆಂಗೆ ಆಗ ತುಂಬು ಯೌವನ. ದಕ್ಷಿಣದ ವರ್ಜೀನಿಯ, ಕೆರೊಲಿನ, ಜಾರ್ಜಿಯ ಸಂಸ್ಥಾನಗಳಿಂದ ಕಪ್ಪು ಜನ ರೈಲಿನ ಮೇಲೆ ರೈಲಿನಲ್ಲಿ ಉತ್ತರಕ್ಕೆ ಬರುತ್ತಿದ್ದರು. ವೆಸ್ಟ್ ಇಂಡೀಸ್ ದ್ವೀಪಗಳಿಂದ ಹಡಗಿನಲ್ಲಿ ಬರುತ್ತಿದ್ದರು. ಅವರ ಅಜ್ಜ ಅಜ್ಜಿಯರಲ್ಲಿ ಗುಲಾಮರಾಗಿ ಹುಟ್ಟಿದವರಿದ್ದರು. ದಕ್ಷಿಣದಲ್ಲಿ ಹತ್ತಿಯ ಹೊಲದ ಬಡತನ, ಗುಂಪು ಕಟ್ಟಿ ಮರಕ್ಕೆ ನೇಣು ಹಾಕುವ ಬಿಳಿಯರ ಭಯ. ಉತ್ತರದಲ್ಲಿ ಸಿಕ್ಕ ಕೆಲಸವೇನೂ ದೊಡ್ಡದಲ್ಲ: ಅಡುಗೆ, ಬಟ್ಟೆ ಒಗೆಯುವುದು, ರೈಲಿನಲ್ಲಿ ಸಾಮಾನು ಹೊರುವುದು, ಬಾಗಿಲು ಕಾಯುವುದು. ಆದರೆ ಕೈಯಲ್ಲಿ ಸಂಬಳವಿತ್ತು. ಭಾನುವಾರವೆಂಬ ಒಂದು ದಿನವಿತ್ತು.

ಭಾನುವಾರ ಇಗರ್ಜಿಯಿಂದ ಹೊರಬಿದ್ದ ಜನ ಒಳ್ಳೆಯ ಉಡುಪಿನಲ್ಲಿಯೇ ಸ್ಟುಡಿಯೋದ ಮೆಟ್ಟಿಲು ಹತ್ತುವರು. ಆ ಪಟ ಊರಿನಲ್ಲಿ ಉಳಿದ ತಾಯಿಗೆ ಹೋಗಬೇಕು. ಮಗ ಕೆಟ್ಟಿಲ್ಲ, ಮಗಳು ಉಪವಾಸವಿಲ್ಲ, ನಗರ ಅವರನ್ನು ನುಂಗಿಲ್ಲ ಎಂದು ಅದು ಹೇಳಬೇಕು. ಅಂದಿನ ಅಮೆರಿಕದ ಪತ್ರಿಕೆಗಳಲ್ಲಿ, ಸಾಬೂನಿನ ಡಬ್ಬದ ಮೇಲೆ, ನಾಟಕದ ಭಿತ್ತಿಪತ್ರಗಳಲ್ಲಿ ಕಪ್ಪು ಮನುಷ್ಯನ ಮುಖ ಕಾಣುತ್ತಿದ್ದದ್ದು ದಪ್ಪ ತುಟಿಯ, ಹಲ್ಲು ಕಿರಿಯುವ ಹಾಸ್ಯದ ಗೊಂಬೆಯಾಗಿ. ಅಂಥದನ್ನು ದಿನವೂ ನೋಡಬೇಕಾಗಿದ್ದ ಅಡುಗೆಯವಳೊಬ್ಬಳು ತನ್ನ ಚಿತ್ರವನ್ನು ತಾನೇ ದುಡ್ಡು ಕೊಟ್ಟು ತೆಗೆಸಿಕೊಳ್ಳುವಾಗ ಅದರಲ್ಲಿ ಏನು ಕಾಣಲು ಬಯಸುತ್ತಾಳೆ? ಜೇಮ್ಸನಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಅವನೂ ಲಿಫ್ಟಿನಲ್ಲಿ ನಿಂತು ಬಂದವನೇ.

ಸ್ಟುಡಿಯೋದಲ್ಲಿ ಬಣ್ಣದ ಪರದೆಗಳಿದ್ದವು: ತೋಟ, ಕಂಬಗಳ ಸಾಲು, ಉರಿಯುವ ಅಗ್ಗಿಷ್ಟಿಕೆ. ಕೆತ್ತನೆಯ ಕುರ್ಚಿ, ಹೂದಾನಿ, ಪುಸ್ತಕ, ಟೆಲಿಫೋನು ಇದ್ದವು. ಒಬ್ಬರನ್ನು ಕೂರಿಸಿದಂತೆ ಇನ್ನೊಬ್ಬರನ್ನು ಕೂರಿಸುವುದು ಅವನಿಗೆ ಒಗ್ಗದು. ಪ್ರತಿಯೊಂದು ಚಿತ್ರದಲ್ಲೂ ಏನಾದರೊಂದು ಕತೆ ಇರಬೇಕು. ಗಿರಾಕಿ ಏನನ್ನೋ ಯೋಚಿಸುತ್ತಿರುವಂತೆ, ಯಾರಿಗೋ ಕಾಯುತ್ತಿರುವಂತೆ ಇರಬೇಕು. ಕ್ಯಾಮೆರಾ ಕೆಲಸ ಮುಗಿಸಿದ ಮೇಲೆಯೇ ಅವನ ನಿಜವಾದ ಕೆಲಸ ಮೊದಲಾಗುತ್ತಿತ್ತು. ನೆಗೆಟಿವ್‌ನ ಮೇಲೆ ಮೊನಚಾದ ಸೀಸದ ಕಡ್ಡಿಯಿಂದ ಗೆರೆ ಎಳೆದರೆ ಪ್ರತಿಯಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಸಣ್ಣ ಚೂರಿಯಿಂದ ಹೆರೆದರೆ ಕಪ್ಪಾಗುತ್ತದೆ. ಈ ಎರಡು ಆಯುಧಗಳಿಂದ ಜೇಮ್ಸ್ ಕಣ್ಣ ಕೆಳಗಿನ ಸುಕ್ಕುಗಳನ್ನು ಅಳಿಸಿದನು, ಸೊಟ್ಟ ಹಲ್ಲನ್ನು ನೇರಮಾಡಿದನು, ತೆಳುವಾದ ಕೂದಲನ್ನು ದಟ್ಟಮಾಡಿದನು. ಬರಿ ಕೊರಳಿನಲ್ಲಿ ಸರ ಮೂಡಿತು. ಬರಿ ಬೆರಳಿನಲ್ಲಿ ಉಂಗುರ ಹೊಳೆಯಿತು. ಸಿಗರೇಟಿನ ತುದಿಯಿಂದ ಏಳುವ ಹೊಗೆಯ ಎಳೆಯೂ ಅವನ ಕಡ್ಡಿಯ ಕೆಲಸವೇ.

ಇದು ಸುಳ್ಳಲ್ಲವೇ? ಕಟ್ಟುನಿಟ್ಟಿನ ಕಲಾವಿಮರ್ಶಕರು ಹಾಗೆಂದದ್ದುಂಟು. ಮನುಷ್ಯ ಇರುವುದಕ್ಕಿಂತ ಚಿತ್ರದಲ್ಲಿ ಚೆಲುವಾಗಿ ಕಾಣಬೇಕೆಂಬುದೇ ತನ್ನ ಪ್ರಯತ್ನವೆಂದು ಜೇಮ್ಸ್ ಮುಪ್ಪಿನಲ್ಲಿ ಸಂಕೋಚವಿಲ್ಲದೆ ಹೇಳಿಕೊಂಡನು. ವಾರವಿಡೀ ಒಗೆದು ಬಿರುಕುಬಿಟ್ಟ ಕೈಗೆ ಒಂದು ಉಂಗುರ ಬರೆದುಕೊಟ್ಟವನನ್ನು ಸುಳ್ಳುಗಾರನೆನ್ನುವುದಕ್ಕೆ ಮೊದಲು ಆ ಕೈಯವಳನ್ನು ಒಂದು ಮಾತು ಕೇಳಬೇಕು.

ಒಂದು ಚಿತ್ರದ ಮಾತನ್ನು ಹೇಳಲೇಬೇಕು. 1926ರಲ್ಲಿ ಒಂದು ಜೋಡಿ ಮದುವೆಯ ಉಡುಪಿನಲ್ಲಿ ಬಂದು ಅಗ್ಗಿಷ್ಟಿಕೆಯ ಪರದೆಯ ಮುಂದೆ ಕುಳಿತಿತು. ಪ್ರತಿ ಕೈಗೆ ಬಂದಾಗ ಅದರಲ್ಲಿ ಮೂವರಿದ್ದರು. ಗಂಡಹೆಂಡಿರ ಪಕ್ಕದಲ್ಲಿ, ಗಾಳಿಯಲ್ಲಿ ಬರೆದಂತೆ ಮಸುಕಾಗಿ, ಬೊಂಬೆಯೊಡನೆ ಕುಳಿತ ಒಂದು ಮಗು! ಎರಡು ನೆಗೆಟಿವ್‌ಗಳನ್ನು ಒಂದೇ ಕಾಗದದ ಮೇಲೆ ಒಂದಾದ ಮೇಲೊಂದು ಬೆಳಕಿಗೊಡ್ಡಿ, ಬೇಡದ ಭಾಗವನ್ನು ಮರೆಮಾಡಿ ತೆಗೆಯುವ ಈ ಯುಕ್ತಿ ಜೇಮ್ಸನಿಗೆ ನೀರು ಕುಡಿದಷ್ಟು ಸಲೀಸು. ಚಿತ್ರಕ್ಕೆ ಅವನಿಟ್ಟ ಹೆಸರು ‘ಮುಂದಿನ ನಿರೀಕ್ಷೆಗಳು’ ಎಂಬ ಅರ್ಥದ್ದು.

ಸ್ಟುಡಿಯೋದ ಹೊರಗೂ ಅವನಿಗೆ ಬಿಡುವಿರಲಿಲ್ಲ. ಮೊದಲನೆಯ ಮಹಾಯುದ್ಧದಿಂದ 1919ರಲ್ಲಿ ಮರಳಿದ 369ನೆಯ ಪದಾತಿ ದಳದ ಯೋಧರು ಅವನ ಕ್ಯಾಮೆರಾದ ಮುಂದೆ ನಿಂತರು. ಮಾರ್ಕಸ್ ಗಾರ್ವೆಯು ಕಪ್ಪು ಜನರೆಲ್ಲ ಒಂದಾಗಿ ಆಫ್ರಿಕವನ್ನು ತಮ್ಮದೆನ್ನಬೇಕೆಂದು ಚಳವಳಿ ಹೂಡಿ, ಗರಿಯ ಟೋಪಿ ಧರಿಸಿ ಮೆರವಣಿಗೆ ಹೊರಟಾಗ, 1924ರಲ್ಲಿ ಆ ಸಂಸ್ಥೆಯ ಅಧಿಕೃತ ಛಾಯಾಚಿತ್ರಗ್ರಾಹಕನಾಗಿ ನೇಮಕಗೊಂಡವನು ಜೇಮ್ಸನೇ. ಇಗರ್ಜಿಯ ಹೆಂಗಸರ ಸಂಘ, ಬ್ಯಾಸ್ಕೆಟ್‌ಬಾಲ್ ತಂಡ, ಶಾಲೆಯ ಮಕ್ಕಳು, ಮೇಡಂ ವಾಕರಳ ಸೌಂದರ್ಯ ಮಂದಿರದ ಚಹಾಕೂಟ, ಹಾರ್ಲೆಂನ ಕಪ್ಪು ಯೆಹೂದ್ಯರ ಮಂದಿರ, ಎಲ್ಲೆಲ್ಲಿ ಹತ್ತು ಜನ ಸೇರಿದರೋ ಅಲ್ಲೆಲ್ಲ ಅವನ ಮುಕ್ಕಾಲಿ ನಿಲ್ಲುತ್ತಿತ್ತು. ಜೋ ಲೂಯಿಯಂಥ ಮುಷ್ಟಿಯೋಧನೂ, ಕುಣಿತದ ಬಿಲ್ ರಾಬಿನ್ಸನನೂ, ಕವಿ ಕೌಂಟಿ ಕಲೆನನೂ ಅವನ ಗಿರಾಕಿಗಳೇ. ಆದರೆ ಇಂದು ಅವನ ಹೆಸರನ್ನು ಹೇಳಿದೊಡನೆ ಬಲ್ಲವರ ಕಣ್ಣೆದುರು ನಿಲ್ಲುವವರು ಈ ಪ್ರಸಿದ್ಧರಲ್ಲ. ಅವರು 1932ರಲ್ಲಿ 127ನೆಯ ಬೀದಿಯಲ್ಲಿ ಥಳಥಳಿಸುವ ಕ್ಯಾಡಿಲ್ಯಾಕ್ ಕಾರಿನೊಡನೆ ನಿಂತ ಒಂದು ಜೋಡಿ. ಗಂಡಸು ಕಾರಿನ ಒಳಗೆ, ಹೆಂಗಸು ಹೊರಗೆ. ಇಬ್ಬರಿಗೂ ಮೊಣಕಾಲು ದಾಟುವ ಉದ್ದನೆಯ ತುಪ್ಪುಳಿನ ಕೋಟು. ಇಡೀ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ, ಕೆಲಸ ಕಳೆದುಕೊಂಡವರು ಗಂಜಿಗಾಗಿ ಸಾಲುಗಟ್ಟಿದ್ದ ವರ್ಷವದು!

ಈಗ ಆ ಪೆಟ್ಟಿಗೆಗಳ ಇನ್ನೊಂದು ಭಾಗಕ್ಕೆ ಬರಬೇಕು.

ಹಾರ್ಲೆಂನಲ್ಲಿ ಯಾರಾದರೂ ತೀರಿಕೊಂಡರೆ ಶವಸಂಸ್ಕಾರದವನು ಬಂದ ಮೇಲೆ ಫೋಟೋಗ್ರಾಫರನಿಗೂ ಹೇಳಿ ಕಳುಹಿಸುವ ಪದ್ಧತಿಯಿತ್ತು. ಇದು ಅಲ್ಲಿಯ ವಿಶೇಷವೇನಲ್ಲ. ಹತ್ತೊಂಬತ್ತನೆಯ ಶತಮಾನದ ಯೂರೋಪು, ಅಮೆರಿಕಗಳಲ್ಲಿ ಬಹಳ ಮನೆಗಳಲ್ಲಿ ನಡೆದು ಬಂದದ್ದೇ. ನಡುಮನೆಯ ಗೋಡೆಯಲ್ಲಿ ಹಿರಿಯರ ಪಟಕ್ಕೆ ಹಾರ ಹಾಕುವ ಕುಟುಂಬಗಳಿಗೆ ಈ ಆಸೆ ತೀರ ವಿಚಿತ್ರವೆನಿಸಲಾರದು. ಹಾರ್ಲೆಂನಲ್ಲಿ ಅದಕ್ಕೆ ಇನ್ನೂ ಒಂದು ಅಗತ್ಯವಿತ್ತು. ಸತ್ತವನ ತಾಯಿ ಜಾರ್ಜಿಯದಲ್ಲಿ, ತಂಗಿ ಬಾರ್ಬಡೋಸ್‌ನಲ್ಲಿ. ಅವರು ಬರುವಷ್ಟರಲ್ಲಿ ಮಣ್ಣು ಮುಚ್ಚಿರುತ್ತದೆ. ಬರಲು ದುಡ್ಡಾದರೂ ಎಲ್ಲಿಯದು? ಮಗನನ್ನು ಅನಾಥನಂತೆ ಹೂಳಲಿಲ್ಲ, ರೇಷ್ಮೆಯ ಒಳಹಾಸಿನ ಪೆಟ್ಟಿಗೆಯಿತ್ತು, ಹೂವಿತ್ತು, ಹತ್ತು ಜನ ಸುತ್ತ ನಿಂತಿದ್ದರು ಎಂಬುದನ್ನು ಅವರಿಗೆ ತೋರಿಸಲು ಇದ್ದದ್ದು ಆ ಒಂದು ಪಟ.

ಆ ಪಟಗಳಲ್ಲಿಯೂ ಜೇಮ್ಸನ ಕೈ ಸುಮ್ಮನಿರಲಿಲ್ಲ. ಶವಪೆಟ್ಟಿಗೆಯ ಮೇಲೆ ದೇವದೂತರು ತೇಲಿಬಂದರು. ಹೂಗಳ ನಡುವೆ ಬೈಬಲ್ಲಿನ ವಾಕ್ಯಗಳೋ, ಪದ್ಯಗಳೋ ಮೂಡಿದವು. ಮಲಗಿದವರ ತಲೆಯ ಮೇಲ್ಗಡೆ ಅವರೇ ಜೀವಂತವಾಗಿ ನಗುತ್ತ ಕುಳಿತಿದ್ದ ಹಳೆಯ ಚಿತ್ರವೊಂದು ಮಸುಕಾಗಿ ಸೇರಿಕೊಂಡಿತು. ತೀರಿಕೊಂಡ ಹಸುಗೂಸನ್ನು ತಂದೆತಾಯಿಗಳ ಮಡಿಲಲ್ಲಿ, ನಿದ್ದೆಹೋಗಿರುವಂತೆ ಇರಿಸಿ ತೆಗೆದ ಚಿತ್ರಗಳೂ ಉಂಟು. ಆ ಮಗು ಹುಟ್ಟಿದ ಮೇಲೆ ಆ ಮೂವರೂ ಒಟ್ಟಿಗೆ ಕುಳಿತು ತೆಗೆಸಿಕೊಂಡ ಮೊದಲ ಚಿತ್ರ ಅದೇ ಇದ್ದಿರಬಹುದು.

1927ರಲ್ಲಿ ಮಗಳು ರೇಚಲ್ ತೀರಿಕೊಂಡಳು. ಅವಳಿಗಿನ್ನೂ ಇಪ್ಪತ್ತರ ಆಸುಪಾಸಿನ ಪ್ರಾಯ. ಕೂಸಾಗಿದ್ದ ಮಗನನ್ನು ಹಿಂದೆಯೇ ಕಳೆದುಕೊಂಡಿದ್ದ ತಂದೆಗೆ ಉಳಿದಿದ್ದವಳು ಅವಳೊಬ್ಬಳೇ. ಊರಿನ ಮಕ್ಕಳಿಗೆಲ್ಲ ಮಾಡಿದ ಕೆಲಸವನ್ನು ಅವನು ಅವಳಿಗೂ ಮಾಡಿದನು. ಕ್ಯಾಮೆರಾ ನಿಲ್ಲಿಸಿ, ಪೆಟ್ಟಿಗೆಯಲ್ಲಿ ಮಲಗಿದ್ದ ಮಗಳ ಚಿತ್ರವನ್ನು ತೆಗೆದನು.

ಬಹುಕಾಲದ ಮೇಲೆ, 1978ರಲ್ಲಿ, ಈ ಮರಣಚಿತ್ರಗಳನ್ನು ಕಲಾವಿದೆ ಕಮೀಲ್ ಬಿಲಪ್ಸ್ ಒಂದು ಪುಸ್ತಕವಾಗಿ ತಂದಳು. ಚಿತ್ರಗಳ ಜೊತೆಗೆ ಓವೆನ್ ಡಾಡ್ಸನ್ ಕವಿತೆಗಳನ್ನು ಬರೆದನು. ಮುನ್ನುಡಿ ಬರೆದವಳು ಟೋನಿ ಮಾರಿಸನ್. ಅದರಲ್ಲೊಂದು ಚಿತ್ರ ಶವಪೆಟ್ಟಿಗೆಯಲ್ಲಿ ಮಲಗಿದ ಒಬ್ಬ ತರುಣಿಯದು. ಅವಳ ಕತೆಯನ್ನು ಜೇಮ್ಸ್ ನೆನಪಿನಿಂದ ಹೇಳಿದನು: ಸಂತೋಷಕೂಟವೊಂದರಲ್ಲಿ ಅವಳಿಗೆ ಗುಂಡು ತಗುಲಿತು, ಹೊಡೆದವನು ಅವಳ ಪ್ರಿಯಕರ. ಯಾರು ಹೊಡೆದರೆಂದು ಸುತ್ತಲಿದ್ದವರು ಕೇಳಿದರೆ, ನಾಳೆ ಹೇಳುತ್ತೇನೆ ಎನ್ನುತ್ತ, ಅವನಿಗೆ ತಪ್ಪಿಸಿಕೊಳ್ಳಲು ಸಮಯ ಕೊಟ್ಟು, ಅವಳು ಪ್ರಾಣ ಬಿಟ್ಟಳು. ಈ ಒಂದು ಪಟ ಮತ್ತು ಅದರ ಕತೆ ಮಾರಿಸನ್ನಳ ಮನಸ್ಸಿನಲ್ಲಿ ನಿಂತು, 1992ರಲ್ಲಿ ‘ಜಾಝ್’ ಎಂಬ ಕಾದಂಬರಿಯಾಗಿ ಹೊರಬಂದಿತು. ಮರುವರ್ಷವೇ ಆಕೆಗೆ ನೊಬೆಲ್ ಪಾರಿತೋಷಕ ಬಂದದ್ದು ಎಲ್ಲರೂ ಬಲ್ಲ ಸಂಗತಿ.

ಎರಡನೆಯ ಮಹಾಯುದ್ಧವಾದ ಮೇಲೆ ಜೇಮ್ಸನ ವ್ಯಾಪಾರ ಇಳಿಮುಖವಾಯಿತು. ಮನೆಮನೆಗೂ ಅಗ್ಗದ ಕ್ಯಾಮೆರಾ ಬಂದಿತು; ಮಕ್ಕಳ ಹುಟ್ಟುಹಬ್ಬಕ್ಕೆ ಚಿಕ್ಕಪ್ಪನೇ ಫೋಟೋ ತೆಗೆಯತೊಡಗಿದನು. ಪರದೆ, ಕಂಬ, ಕೆತ್ತನೆಯ ಕುರ್ಚಿ ಹೊಸಬರಿಗೆ ನಗೆಯ ವಸ್ತುಗಳಾದವು. ಸಾಲ ಬೆಳೆಯಿತು. ಮೆಘೀ ಬಾಗಿಲು ತಳ್ಳಿ ಬಂದದ್ದು ಇಂಥ ಹೊತ್ತಿನಲ್ಲಿ.

1969ರ ಜನವರಿಯಲ್ಲಿ ‘ಹಾರ್ಲೆಂ ಆನ್ ಮೈ ಮೈಂಡ್’ ಪ್ರದರ್ಶನ ತೆರೆಯಿತು. ಅದರಲ್ಲಿ ಎಲ್ಲರಿಗಿಂತ ಹೆಚ್ಚು ಚಿತ್ರಗಳು ಜೇಮ್ಸನವು. ಕೆಲವನ್ನು ಗೋಡೆಯಷ್ಟು ದೊಡ್ಡದಾಗಿ ಹಿಗ್ಗಿಸಿ ನಿಲ್ಲಿಸಿದ್ದರು. ಹೊರಗೆ ಮಾತ್ರ ಪ್ರತಿಭಟನೆ ನಡೆಯುತ್ತಿತ್ತು. ಹಾರ್ಲೆಂನ ಹೆಸರಿನಲ್ಲಿ ಕಲಾಸಂಗ್ರಹಾಲಯವೊಂದು ಪ್ರದರ್ಶನ ಹೂಡಿ, ಹಾರ್ಲೆಂನ ಚಿತ್ರಕಾರರ, ಶಿಲ್ಪಿಗಳ ಒಂದು ಕೃತಿಯನ್ನೂ ಇಡದೆ ಬರಿಯ ಫೋಟೋಗಳನ್ನು ತೂಗುಹಾಕಿತಲ್ಲ ಎಂದು ಕಪ್ಪು ಕಲಾವಿದರು ಫಲಕ ಹಿಡಿದು ನಿಂತಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಅವರ ಮಾತಿನಲ್ಲಿ ಇನ್ನೂ ಒಂದು ಅಂಶ ಅಡಗಿತ್ತು: ಆ ಪ್ರದರ್ಶನವು ಜೇಮ್ಸನ ಚಿತ್ರಗಳನ್ನು ಕಂಡದ್ದೂ ಕಲೆಯೆಂದಲ್ಲ, ದಾಖಲೆಯೆಂದು. ಹಾಗಿದ್ದರೂ, ಎಂಬತ್ತೆರಡರ ಅಂಚಿನಲ್ಲಿದ್ದ ಮುದುಕನ ಹೆಸರು ದೇಶವೆಲ್ಲ ಹರಡಿತು.

ಅದೇ ವರ್ಷ, ಪ್ರದರ್ಶನದ ಸದ್ದು ಇನ್ನೂ ಅಡಗುವುದಕ್ಕೆ ಮೊದಲು, ಗಂಡಹೆಂಡಿರಿಬ್ಬರನ್ನೂ ಲೆನಾಕ್ಸ್ ಅವೆನ್ಯೂವಿನ ಮನೆಯಿಂದ ಹೊರಹಾಕಲಾಯಿತು. ವರ್ಷಗಳಿಂದ ಬೆಳೆದಿದ್ದ ಹಣದ ತೊಡಕು ಕೀರ್ತಿಗೆ ಕಾಯಲಿಲ್ಲ. ಎಷ್ಟೋ ಸಂಸಾರಗಳು ಗೌರವದಿಂದ ಕುಳಿತು ಚಿತ್ರ ತೆಗೆಸಿಕೊಂಡ ಸ್ಟುಡಿಯೋದ ಸಾಮಾನುಗಳು ಬೀದಿಗೆ ಬಂದವು. ಗೇನೆಲ್ಲಾಳ ಆರೋಗ್ಯ ಮುರಿದು, ಮತ್ತೆ ಕೂಡಿಕೊಳ್ಳಲಿಲ್ಲ. ಅವಳು 1976ರಲ್ಲಿ ತೀರಿಕೊಂಡಳು.

ಪೆಟ್ಟಿಗೆಗಳ ಗತಿಯೇನಾಯಿತು? ಅವನ್ನು ಕಾಪಾಡಲೆಂದು ಜೇಮ್ಸನ ಹೆಸರಿನಲ್ಲಿಯೇ 1969ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಚಿತ್ರಗಳು ಅದರ ವಶಕ್ಕೆ ಹೋದವು. ಮುಂದೆ ಅವು ಹಾರ್ಲೆಂನ ಸ್ಟುಡಿಯೋ ಮ್ಯೂಸಿಯಂ ಸೇರಿದವು. ಚಿತ್ರಗಳು ಪುಸ್ತಕಗಳಲ್ಲಿ, ಪ್ರದರ್ಶನಗಳಲ್ಲಿ ಮೆರೆಯುತ್ತಿದ್ದರೆ, ತೆಗೆದವನು ಬಡತನದಲ್ಲಿ, ಒಂದು ಸಣ್ಣ ವಸತಿಯಲ್ಲಿ ಇದ್ದನು. ಒಂದು ಪ್ಲೇಟನ್ನು ಯಾರು ತೆಗೆದರೋ ಅವರದೆ, ಯಾರು ಕಾಪಾಡುತ್ತಾರೋ ಅವರದೆ, ಕಷ್ಟದ ದಿನದಲ್ಲಿ ಹಾಕಿದ ರುಜು ಯಾರ ಕೈಯಲ್ಲಿದೆಯೋ ಅವರದೆ? ತೊಂಬತ್ತು ದಾಟಿದ ಮುದುಕನು 1981ರಲ್ಲಿ, ತನ್ನ ಚಿತ್ರಗಳು ತನಗೆ ಮರಳಬೇಕೆಂದು ನ್ಯಾಯಾಲಯದ ಕಟ್ಟೆ ಹತ್ತಿದನು.

ಈ ಧೈರ್ಯ ಅವನಿಗೆ ಬಂದದ್ದಕ್ಕೆ ಒಂದು ಕಾರಣವಿತ್ತು. 1978ರಲ್ಲಿ ಡಾನಾ ಮಸೆಂಡನ್ ಎಂಬ, ವಯಸ್ಸಿನಲ್ಲಿ ಬಹಳ ಕಿರಿಯಳಾದ ಮಹಿಳೆ ಅವನನ್ನು ಮದುವೆಯಾಗಿದ್ದಳು. ಕೇಳಿದವರು ಹುಬ್ಬೇರಿಸಿರಬಹುದು. ಆದರೆ ಮುದುಕನ ಕೋಟಿಗೆ ಇಸ್ತ್ರಿ ಬಿದ್ದಿತು, ಲೆಕ್ಕಪತ್ರ ಸರಿಹೋಯಿತು, ಎಲ್ಲಕ್ಕಿಂತ ಹೆಚ್ಚಾಗಿ ಕ್ಯಾಮೆರಾ ಮತ್ತೆ ಮುಕ್ಕಾಲಿಯನ್ನೇರಿತು. ಗಾಲಿಕುರ್ಚಿಯಲ್ಲಿ ಕುಳಿತೇ ಗಲ್ಲ ಇತ್ತ, ಕೈ ಅತ್ತ ಎಂದು ಹೇಳುತ್ತ ಅವನು ಮತ್ತೆ ಭಾವಚಿತ್ರಗಳನ್ನು ತೆಗೆಯತೊಡಗಿದನು. ಮುಷ್ಟಿಯೋಧ ಮಹಮ್ಮದ್ ಅಲಿ ಬಂದನು. ಪಿಯಾನೋ ವಾದಕ ಯೂಬಿ ಬ್ಲೇಕ್ ಬಂದನು. 1982ರಲ್ಲಿ, ಇಪ್ಪತ್ತೊಂದು ತುಂಬಿದ ಚಿತ್ರಕಾರ ಜಾನ್ ಮಿಷೆಲ್ ಬಾಸ್ಕಿಯಾ ಬಂದು, ತೊಡೆಯ ಮೇಲೊಂದು ಬೆಕ್ಕನ್ನು ಇರಿಸಿಕೊಂಡು ಕುಳಿತನು. ಆ ಚಿತ್ರವನ್ನು ನೋಡಿದರೆ, 1926ರ ಯಾವುದೋ ಭಾನುವಾರ ಮಧ್ಯಾಹ್ನದ ಗಿರಾಕಿಯೆಂದೇ ತೋರುತ್ತದೆ; ಅದೇ ಗಾಂಭೀರ್ಯ, ಅದೇ ಬಿಡುವು. ಬಾಸ್ಕಿಯಾ ಅದೇ ವರ್ಷ ಮುದುಕನ ಚಿತ್ರವನ್ನು ಬರೆದನು.

ಹೊವರ್ಡ್ ವಿಶ್ವವಿದ್ಯಾಲಯದ ಗೌರವ ಪದವಿಗಾಗಿ ವಾಷಿಂಗ್‌ಟನ್ನಿಗೆ ಹೋಗಿದ್ದಾಗ, 1983ರ ಮೇ 15ರಂದು, ಜೇಮ್ಸ್ ವ್ಯಾನ್ ಡರ್ ಝೀ ಅಲ್ಲಿಯೇ ತೀರಿಕೊಂಡನು. ವಯಸ್ಸು ತೊಂಬತ್ತಾರು. ಮೊಕದ್ದಮೆ ಮುಂದಿನ ವರ್ಷ ರಾಜಿಯಲ್ಲಿ ಮುಗಿಯಿತು. ಚಿತ್ರಗಳಲ್ಲಿ ಒಂದು ಪಾಲು ಅವನ ಮನೆಯವರಿಗೆ ಮರಳಿತು. ಡಾನಾ ಅವನ್ನು ಮುಂದೆ ಮೂವತ್ತೇಳು ವರ್ಷ ಕಾಪಾಡಿಕೊಂಡು ಬಂದಳು.

2021ರ ಡಿಸೆಂಬರಿನಲ್ಲಿ ಒಂದು ಸುದ್ದಿ ಹೊರಬಿದ್ದಿತು. ಮೆಟ್ರೊಪಾಲಿಟನ್ ಸಂಗ್ರಹಾಲಯವೂ ಹಾರ್ಲೆಂನ ಸ್ಟುಡಿಯೋ ಮ್ಯೂಸಿಯಂ ಕೂಡ ಡಾನಾಳೊಡನೆ ಕೂಡಿಕೊಂಡು ಜೇಮ್ಸನ ಸಂಗ್ರಹವನ್ನು ಒಂದೆಡೆ ಸೇರಿಸಲು ಒಪ್ಪಿದ್ದವು: ಅವನ ಕಾಲದಲ್ಲಿಯೇ ತಯಾರಾದ ಸುಮಾರು 20,000 ಪ್ರತಿಗಳು, 30,000 ನೆಗೆಟಿವ್‌ಗಳು, ಸ್ಟುಡಿಯೋದ ಉಪಕರಣಗಳು, ಕಾಗದಪತ್ರಗಳು. 1969ರಲ್ಲಿ ದಾಖಲೆಯೆಂದು ಎರವಲು ಪಡೆದದ್ದನ್ನು ಅದೇ ಸಂಗ್ರಹಾಲಯ ಈಗ ಕಲೆಯೆಂದು ಬರಮಾಡಿಕೊಂಡಿತು. ಗಾಜು ಒಡೆಯದಂತೆ, ಫಿಲ್ಮು ಮುರುಟದಂತೆ ಅವನ್ನು ಶುಚಿಮಾಡಿ, ತಂಪಿನಲ್ಲಿಟ್ಟು, ಒಂದೊಂದನ್ನೂ ಪಟ್ಟಿಗೆ ಸೇರಿಸುವ ಕೆಲಸ ಕೈಗೆತ್ತಿಕೊಳ್ಳಲಾಯಿತು.

ಇಂಥ ಕೆಲಸದವರಿಗೆ ಪ್ರತಿಯಲ್ಲಿ ಕಾಣದ ಒಂದು ಸಂಗತಿ ನೆಗೆಟಿವ್‌ನಲ್ಲಿ ಕಾಣುತ್ತದೆ. ತಿದ್ದಿದ ನೆಗೆಟಿವ್ ಒಂದನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಕಣ್ಣಿನ ಕೆಳಗೆ, ಹಣೆಯ ಮೇಲೆ, ಬಾಯಿಯ ಕೊನೆಯಲ್ಲಿ, ಕೂದಲೆಳೆಯಷ್ಟು ಸಣ್ಣದಾಗಿ ಒಂದರ ಪಕ್ಕದಲ್ಲೊಂದು ಎಳೆದ ಸೀಸದ ಕಡ್ಡಿಯ ಗೆರೆಗಳು ಇನ್ನೂ ಹೊಳೆಯುತ್ತವೆ.